ಮೇಲ್ ಸರ್ವರ್‌ನಲ್ಲಿ ವೈರಸ್ ತಪಾಸಣೆ ನಿಂತಾಗ: ಪೋಸ್ಟ್‌ಫಿಕ್ಸ್, ಅಮಾವಿಸ್, ಕ್ಲ್ಯಾಮ್‌ಎವಿ ಜೋಡಣೆಯನ್ನು ಸರಿಪಡಿಸುವ ಕ್ರಮ

ವೈರಸ್ ತಪಾಸಣೆ ಕೈಕೊಟ್ಟಾಗ ಮೇಲ್ ಸರ್ವರ್ ಎರಡು ಬಗೆಯಲ್ಲಿ ವರ್ತಿಸಬಹುದು. ಒಂದು ಬಗೆಯಲ್ಲಿ ಮೇಲ್‌ಗಳೆಲ್ಲ ಕ್ಯೂನಲ್ಲಿ, ಅಂದರೆ ಕಾಯುವ ಸಾಲಿನಲ್ಲಿ, ನಿಂತುಬಿಡುತ್ತವೆ. ಸ್ವಲ್ಪ ಹೊತ್ತಿನಲ್ಲೇ ಯಾರಾದರೂ ಫೋನ್ ಮಾಡಿ ಬೆಳಗಿನಿಂದ ಒಂದು ಮೇಲೂ ಬಂದಿಲ್ಲವೆಂದು ಹೇಳುತ್ತಾರೆ. ಇನ್ನೊಂದು ಬಗೆಯಲ್ಲಿ ಮೇಲ್‌ಗಳು ಎಂದಿನಂತೆ ಬರುತ್ತಲೇ ಇರುತ್ತವೆ, ಆದರೆ ಅವುಗಳಲ್ಲಿ ಒಂದರ ತಪಾಸಣೆಯೂ ಆಗಿರುವುದಿಲ್ಲ. ಮೊದಲನೆಯದು ಸದ್ದು ಮಾಡುವ ತೊಂದರೆ, ಎರಡನೆಯದು ಸದ್ದಿಲ್ಲದ ತೊಂದರೆ. ಮೊದಲನೆಯದನ್ನು ಅವಸರದಲ್ಲಿ ಬಗೆಹರಿಸಲು ಹೋಗಿ ಎರಡನೆಯದನ್ನು ತಂದುಕೊಂಡ ಸಿಸ್ಟಮ್ ಅಡ್ಮಿನ್‌ಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈ ಬರಹಕ್ಕೆ ಅದೇ ಕಾರಣ.

ಇಲ್ಲಿ ಹೇಳುವುದು ಲಿನಕ್ಸ್ ಸರ್ವರ್‌ಗಳಲ್ಲಿ ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಒಂದು ಜೋಡಣೆಯ ಬಗ್ಗೆ. ಹೊರಗಿನಿಂದ ಬಂದ ಮೇಲನ್ನು, ಮೇಲ್ ಸಾಗಿಸುವ ತಂತ್ರಾಂಶವಾದ ಪೋಸ್ಟ್‌ಫಿಕ್ಸ್ 25ನೇ ಪೋರ್ಟ್‌ನಲ್ಲಿ (ಯಂತ್ರದ ಸಂಖ್ಯೆಯುಳ್ಳ ಬಾಗಿಲಿನಲ್ಲಿ) ಪಡೆದು, ಅದೇ ಯಂತ್ರದ 10024ನೇ ಪೋರ್ಟ್‌ನಲ್ಲಿ ಕಾದಿರುವ ಅಮಾವಿಸ್‌ಗೆ ಒಪ್ಪಿಸುತ್ತದೆ. ಅಮಾವಿಸ್ ಆ ಮೇಲನ್ನು ಬಿಚ್ಚಿ, ಅಡಕಗಳನ್ನು (ಅಟ್ಯಾಚ್‌ಮೆಂಟ್‌ಗಳನ್ನು) ತನ್ನ ತಾತ್ಕಾಲಿಕ ಫೋಲ್ಡರ್‌ನಲ್ಲಿರಿಸಿ, ವೈರಸ್ ತಪಾಸಕವಾದ ಕ್ಲ್ಯಾಮ್‌ಎವಿಯ ಹಿನ್ನೆಲೆ ಸೇವೆ ಕ್ಲ್ಯಾಮ್‌ಡಿಗೆ ಒಂದು ಸಾಕೆಟ್ (ಎರಡು ತಂತ್ರಾಂಶಗಳು ಮಾತಾಡಿಕೊಳ್ಳುವ ಕೊಂಡಿ) ಮೂಲಕ ಆ ಫೋಲ್ಡರಿನ ವಿಳಾಸವನ್ನು ತಿಳಿಸುತ್ತದೆ. ಕ್ಲ್ಯಾಮ್‌ಡಿ ಕಡತಗಳನ್ನು ಓದಿ ಸ್ವಚ್ಛವೋ ಸೋಂಕಿನದೋ ಎಂದು ಉತ್ತರಿಸಿದ ಮೇಲೆ, ಅಮಾವಿಸ್ ಆ ಮೇಲನ್ನು 10025ನೇ ಪೋರ್ಟ್ ಮೂಲಕ ಪೋಸ್ಟ್‌ಫಿಕ್ಸ್‌ಗೆ ಮರಳಿಸುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದೆ ಎಂಬುದನ್ನು ಕಂಡುಹಿಡಿಯುವುದೇ ನಮ್ಮ ಕೆಲಸ. ಆಜ್ಞೆಗಳ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ನಾನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಎಂದಿನ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ಮಾಡಬಾರದ ಕೆಲಸ

ಕ್ಯೂ ಬೆಳೆಯುತ್ತಿರುವುದನ್ನು ಕಂಡ ಕೂಡಲೇ ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್‌ನಲ್ಲಿ ಮೇಲನ್ನು ಅಮಾವಿಸ್‌ಗೆ ಕಳುಹಿಸುವ ಕಂಟೆಂಟ್ ಫಿಲ್ಟರ್ ಸಾಲನ್ನು ಅಳಿಸಿ, ಮೇಲ್‌ಗಳನ್ನು ನೇರವಾಗಿ ಒಳಗೆ ಬಿಡಬೇಕೆನಿಸುವುದು ಸಹಜ. ಅದನ್ನು ಮಾಡಬೇಡಿ. ನಿಮಗೆ ಸಮಯವಿದೆ. ತಲುಪದ ಮೇಲನ್ನು ಪೋಸ್ಟ್‌ಫಿಕ್ಸ್ ತನ್ನ ಮೂಲ ಸೆಟ್ಟಿಂಗ್‌ನಂತೆ 5 ದಿನ ಇಟ್ಟುಕೊಂಡು, 300 ಸೆಕೆಂಡಿನಿಂದ 4000 ಸೆಕೆಂಡಿನವರೆಗಿನ ಅಂತರದಲ್ಲಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್‌ನ ಸೇವೆಯನ್ನೇ ನಿಲ್ಲಿಸಿದರೂ ಕಳುಹಿಸುವ ಕಡೆಯ ಸರ್ವರ್‌ಗಳು ಮೇಲನ್ನು ತಮ್ಮಲ್ಲೇ ಇಟ್ಟುಕೊಂಡು ಪ್ರಯತ್ನಿಸುತ್ತಿರುತ್ತವೆ. ಮೇಲ್ ಸಾಗಣೆಯ ನಿಯಮಾವಳಿಯೇ ಕನಿಷ್ಠ 4-5 ದಿನ ಹಾಗೆ ಮಾಡಬೇಕೆಂದು ಹೇಳುತ್ತದೆ. ಎರಡು ಗಂಟೆ ತಡವಾಗಿ ಬಂದ ಮೇಲಿಗೆ ಕ್ಷಮೆ ಕೇಳಬಹುದು. ತಪಾಸಣೆಯಿಲ್ಲದೆ ಲೆಕ್ಕಪತ್ರ ವಿಭಾಗದವರೆಗೆ ತಲುಪಿದ ಒಂದು ಅಡಕವನ್ನು ಮಾತ್ರ ಹಿಂದಕ್ಕೆ ಕರೆಯಲಾಗದು.

ಅದರ ಬದಲಿಗೆ ಸಾಫ್ಟ್ ಬೌನ್ಸ್ ಎಂಬ ಸೆಟ್ಟಿಂಗನ್ನು ತಾತ್ಕಾಲಿಕವಾಗಿ ‘ಯೆಸ್’ ಮಾಡಿ ಪೋಸ್ಟ್‌ಫಿಕ್ಸನ್ನು ರೀಲೋಡ್ ಮಾಡಿ. ಹಾಗೆ ಮಾಡಿದರೆ, ರಿಪೇರಿಯ ನಡುವೆ ನಿಮ್ಮ ಕೈತಪ್ಪಿನಿಂದ ಯಾವುದಾದರೂ ಮೇಲ್ ಶಾಶ್ವತವಾಗಿ ತಿರಸ್ಕೃತವಾಗಬೇಕಾಗಿದ್ದರೂ ಅದು ‘ನಂತರ ಪ್ರಯತ್ನಿಸು’ ಎಂಬ ಉತ್ತರವಾಗಿ ಬದಲಾಗುತ್ತದೆ. ಕೆಲಸ ಮುಗಿದ ಮೇಲೆ ಇದನ್ನು ಮರೆಯದೆ ತೆಗೆಯಬೇಕು. ಈಗಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಲಾಗ್ ಏನು ಹೇಳುತ್ತದೆ

ಪೋಸ್ಟ್‌ಕ್ಯೂ ಆಜ್ಞೆಗೆ ಹೈಫನ್ ಪಿ ಸೇರಿಸಿ ಕ್ಯೂವನ್ನು ನೋಡಿ. ಪ್ರತಿ ಮೇಲಿನ ಕೆಳಗೆ ಆವರಣದೊಳಗೆ ಬರುವ ಕಾರಣದ ಸಾಲು ಬಹುಪಾಲು ದಾರಿಯನ್ನು ತೋರಿಸುತ್ತದೆ. ‘ಕನೆಕ್ಷನ್ ರಿಫ್ಯೂಸ್ಡ್’ ಎಂದು 10024ನೇ ಪೋರ್ಟಿನ ಬಗ್ಗೆ ಹೇಳಿದ್ದರೆ ಅಮಾವಿಸ್ಸೇ ನಡೆಯುತ್ತಿಲ್ಲ. ವೈರಸ್ ತಪಾಸಕದ ತನಿಖೆಗೆ ಇನ್ನೂ ಹೋಗಬೇಕಾಗಿಲ್ಲ. 451 ಎಂಬ ಸಂಖ್ಯೆಯೊಂದಿಗೆ ‘ವೈರಸ್ ಸ್ಕ್ಯಾನ್ ಫೇಲ್ಡ್’ ಎಂದಿದ್ದರೆ ಅಮಾವಿಸ್ ಬದುಕಿದೆ, ಅದರ ಹಿಂದಿರುವ ಕ್ಲ್ಯಾಮ್‌ಡಿ ಉತ್ತರಿಸುತ್ತಿಲ್ಲ. 10025ನೇ ಪೋರ್ಟಿನ ಬಗ್ಗೆ ದೂರಿದ್ದರೆ ತಪಾಸಣೆ ಸರಿಯಾಗಿಯೇ ಆಗಿದೆ. ಮರಳುವ ದಾರಿ, ಅಂದರೆ ಪೋಸ್ಟ್‌ಫಿಕ್ಸ್‌ನ ಮಾಸ್ಟರ್ ಕಡತದಲ್ಲಿರುವ ಆ ಪೋರ್ಟಿನ ಭಾಗ, ಕೆಟ್ಟಿದೆ.

ನಂತರ ಮೇಲ್ ಲಾಗನ್ನು ತೆರೆದು ಅಮಾವಿಸ್‌ನ ಸಾಲುಗಳಲ್ಲಿ ಆಶ್ಚರ್ಯಸೂಚಕ ಚಿಹ್ನೆಯಿರುವವನ್ನು ಹುಡುಕಿ. ಅಮಾವಿಸ್ ತನ್ನ ಎಚ್ಚರಿಕೆಗಳಿಗೆ ಆವರಣದೊಳಗೆ ಒಂದು ಆಶ್ಚರ್ಯಸೂಚಕವನ್ನೂ, ಗಂಭೀರವಾದವುಗಳಿಗೆ ಎರಡನ್ನೂ ಹಾಕುತ್ತದೆ. ಸಾಮಾನ್ಯವಾಗಿ ಮೊದಲು ಸಾಕೆಟ್ ತಲುಪಲಾಗಲಿಲ್ಲ ಎಂಬ ಸಾಲು, ಆಮೇಲೆ ಮುಖ್ಯ ತಪಾಸಕಗಳೆಲ್ಲ ವಿಫಲವಾದ ಕಾರಣ ಬದಲಿ ತಪಾಸಕವನ್ನು ಪರಿಗಣಿಸಲಾಗುತ್ತಿದೆ ಎಂಬ ಸಾಲು, ಕೊನೆಗೆ ‘ಆಲ್ ವೈರಸ್ ಸ್ಕ್ಯಾನರ್ಸ್ ಫೇಲ್ಡ್’ ಎಂಬ ಸಾಲು ಬರುತ್ತದೆ. ಕೊನೆಯ ಸಾಲು ಕಣ್ಣಿಗೆ ಬೇಗ ಬೀಳುತ್ತದೆ, ಆದರೆ ನಿಜವಾದ ಕಾರಣವಿರುವುದು ಮೊದಲ ಸಾಲಿನಲ್ಲಿ. ಲಾಗಿನಲ್ಲಿ ಹಿಂದಕ್ಕೆ ಹೋಗಿ, ತೊಂದರೆ ಮೊಟ್ಟಮೊದಲು ಕಾಣಿಸಿದ ನಿಮಿಷವನ್ನು ಗುರುತಿಸಿಕೊಳ್ಳಿ. ಮುಂದಿನ ಹೆಜ್ಜೆಗಳಿಗೆಲ್ಲ ಆ ಸಮಯವೇ ಆಧಾರ.

ಬದಲಿ ತಪಾಸಕದ ಬಗ್ಗೆ ಒಂದು ಮಾತು. ಅನೇಕ ಸರ್ವರ್‌ಗಳಲ್ಲಿ ಅದು ಕ್ಲ್ಯಾಮ್‌ಸ್ಕ್ಯಾನ್ ಆಗಿರುತ್ತದೆ. ಕ್ಲ್ಯಾಮ್‌ಡಿ ವೈರಸ್ ಗುರುತುಗಳನ್ನು (ವೈರಸ್‌ಗಳನ್ನು ಪತ್ತೆಹಚ್ಚಲು ಬಳಸುವ ಮಾದರಿಗಳನ್ನು) ಒಮ್ಮೆ ಮೆಮೊರಿಗೆ ತುಂಬಿಕೊಂಡು ಕೂರುತ್ತದೆ. ಕ್ಲ್ಯಾಮ್‌ಸ್ಕ್ಯಾನ್ ಪ್ರತಿ ಮೇಲಿಗೂ ಅವೆಲ್ಲವನ್ನೂ ಮೊದಲಿನಿಂದ ತುಂಬಿಕೊಳ್ಳುತ್ತದೆ. ಆದ್ದರಿಂದ ಕ್ಲ್ಯಾಮ್‌ಡಿ ಬಿದ್ದಾಗ ಸರ್ವರ್ ವಿಪರೀತ ನಿಧಾನವಾಗುತ್ತದೆ, ಮತ್ತು ಕ್ಲ್ಯಾಮ್‌ಡಿ ಬಿದ್ದದ್ದು ಮೆಮೊರಿಯ ಕೊರತೆಯಿಂದಾಗಿದ್ದರೆ ಈ ಬದಲಿ ವ್ಯವಸ್ಥೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ಸಣ್ಣ ಸರ್ವರ್‌ಗಳಲ್ಲಿ ಬದಲಿ ತಪಾಸಕವನ್ನು ತೆಗೆದುಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೂ ಮೊದಲು ಅಮಾವಿಸ್‌ನ ಸೆಟ್ಟಿಂಗ್‌ನಲ್ಲಿ ‘ವೈರಸ್ ಸ್ಕ್ಯಾನರ್ಸ್ ಫೇಲ್ಯೂರ್ ಈಸ್ ಫೇಟಲ್’ ಎಂಬ ಚಲಕದ ಬೆಲೆಯನ್ನು 1 ಎಂದು ಇಟ್ಟಿರಬೇಕು. ಅದು ಸೊನ್ನೆಯಾಗಿದ್ದರೆ, ತಪಾಸಕಗಳೆಲ್ಲ ಸೋತಾಗ ಅಮಾವಿಸ್ ಮೇಲನ್ನು ‘ಅನ್‌ಚೆಕ್ಡ್’ ಎಂಬ ವರ್ಗಕ್ಕೆ ಸೇರಿಸಿ ಮುಂದಕ್ಕೆ ಬಿಟ್ಟುಬಿಡಬಹುದು. ಸದ್ದಿಲ್ಲದ ತೊಂದರೆಯ ಒಂದು ಬಾಗಿಲು ಇದೇ.

ಕ್ಲ್ಯಾಮ್‌ಡಿ ಬದುಕಿದೆಯೇ

ಸೇವೆಗಳ ಸ್ಥಿತಿಯನ್ನು ತೋರಿಸುವ ಸಿಸ್ಟಮ್‌ಸಿಟಿಎಲ್ ‘ಆಕ್ಟಿವ್’ ಎಂದು ಹಸಿರು ಬಣ್ಣದಲ್ಲಿ ತೋರಿಸಿದ ಮಾತ್ರಕ್ಕೆ ಸೇವೆ ಸರಿಯಿದೆ ಎಂದು ನಂಬಬೇಡಿ. ಕ್ಲ್ಯಾಮ್‌ಡಿಸ್ಕ್ಯಾನ್ ಆಜ್ಞೆಗೆ ಪಿಂಗ್ ಆಯ್ಕೆಯನ್ನು ಸೇರಿಸಿ ನಡೆಸಿ. ಆ ಆಯ್ಕೆಯಿಲ್ಲದ ಹಳೆಯ ಆವೃತ್ತಿಯಾದರೆ ಸೋಕ್ಯಾಟ್ ಮೂಲಕ ಸಾಕೆಟ್‌ಗೆ ‘ಪಿಂಗ್’ ಎಂಬ ಪದವನ್ನು ಕಳುಹಿಸಿ. ‘ಪಾಂಗ್’ ಎಂಬ ಉತ್ತರ ಬಂದರೆ ಮಾತ್ರ ಅದು ಎಚ್ಚರವಾಗಿದೆ. ಈಗತಾನೇ ಶುರುಮಾಡಿದ್ದರೆ ಒಂದೆರಡು ನಿಮಿಷ ಕಾಯಿರಿ, ಏಕೆಂದರೆ ಲಕ್ಷಾಂತರ ಗುರುತುಗಳನ್ನು ತುಂಬಿಕೊಳ್ಳುವುದು ಮುಗಿಯುವವರೆಗೆ ಅದು ಯಾರಿಗೂ ಉತ್ತರಿಸುವುದಿಲ್ಲ. ನಿಧಾನವಾದ ಡಿಸ್ಕ್ ಇರುವ ಯಂತ್ರಗಳಲ್ಲಿ, ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿಯ ಕಾಯುವ ಅವಧಿ ಮುಗಿದು, ಅದು ಇನ್ನೂ ತುಂಬಿಕೊಳ್ಳುತ್ತಿರುವ ಕ್ಲ್ಯಾಮ್‌ಡಿಯನ್ನೇ ಕೊಂದು ಮತ್ತೆ ಶುರುಮಾಡುವ ಸುತ್ತು ನಡೆಯುವುದುಂಟು. ಹಾಗಾಗುತ್ತಿದ್ದರೆ ಸೇವೆಯ ಆರಂಭದ ಅವಧಿಯನ್ನು ಹೆಚ್ಚಿಸಬೇಕು.

ಕ್ಲ್ಯಾಮ್‌ಡಿ ಸತ್ತಿದ್ದರೆ ಮೊದಲು ಅನುಮಾನಿಸಬೇಕಾದುದು ಮೆಮೊರಿಯನ್ನು. ಸಣ್ಣ ಸಂಸ್ಥೆಗಳು ಬಾಡಿಗೆಗೆ ಪಡೆಯುವ 1 ಅಥವಾ 2 ಜಿಬಿ ಮೆಮೊರಿಯ ವರ್ಚುವಲ್ ಸರ್ವರ್‌ಗಳಲ್ಲಿ ನಾನು ಕಂಡ ಪ್ರಕರಣಗಳಲ್ಲಿ ಬಹುಪಾಲು ಇದೇ. ಜರ್ನಲ್‌ಸಿಟಿಎಲ್ ಆಜ್ಞೆಗೆ ಹೈಫನ್ ಕೆ ಸೇರಿಸಿ ಕರ್ನಲ್ಲಿನ (ಲಿನಕ್ಸ್‌ನ ತಿರುಳಿನ) ಸಂದೇಶಗಳನ್ನು ನೋಡಿದರೆ, ‘ಔಟ್ ಆಫ್ ಮೆಮೊರಿ’ ಎಂಬ ಸಾಲಿನ ಪಕ್ಕದಲ್ಲಿ ಕ್ಲ್ಯಾಮ್‌ಡಿಯ ಹೆಸರು ಇರುತ್ತದೆ. ಕ್ಲ್ಯಾಮ್‌ಡಿಯ ಸ್ವಂತ ಲಾಗಿನಲ್ಲಿ ಇದರ ಸುಳಿವೂ ಇರುವುದಿಲ್ಲ, ಏಕೆಂದರೆ ಕರ್ನಲ್ ಅದಕ್ಕೆ ಒಂದು ಸಾಲು ಬರೆಯಲೂ ಅವಕಾಶ ಕೊಡದೆ ಮುಗಿಸುತ್ತದೆ; ಲಾಗ್ ಅರ್ಧಕ್ಕೆ ನಿಂತಿರುವುದೇ ಸುಳಿವು. ಇನ್ನೊಂದು ಸುಳಿವು ಸಮಯ. 2020ರಲ್ಲಿ ಬಂದ 0.103ನೇ ಆವೃತ್ತಿಯಿಂದ ಕ್ಲ್ಯಾಮ್‌ಡಿ ಹೊಸ ಗುರುತುಗಳನ್ನು ತುಂಬಿಕೊಳ್ಳುವಾಗ ಹಳೆಯವನ್ನೂ ಮೆಮೊರಿಯಲ್ಲೇ ಇಟ್ಟುಕೊಂಡು ತಪಾಸಣೆಯನ್ನು ಮುಂದುವರಿಸುತ್ತದೆ. ಇದು ಒಳ್ಳೆಯ ಸೌಲಭ್ಯವೇ, ಆದರೆ ಆ ಕೆಲವು ಸೆಕೆಂಡು ಅದಕ್ಕೆ ಬೇಕಾಗುವ ಮೆಮೊರಿ ಸುಮಾರು ಇಮ್ಮಡಿಯಾಗುತ್ತದೆ. ಅದಕ್ಕೂ ಮೊದಲು, ಹೊಸ ಗುರುತುಗಳನ್ನು ತರುವ ಫ್ರೆಶ್‌ಕ್ಲ್ಯಾಮ್ ತಾನು ಇಳಿಸಿಕೊಂಡ ಕಡತವನ್ನು ಪರೀಕ್ಷಿಸಲು ಒಮ್ಮೆ ಮೆಮೊರಿಗೆ ತುಂಬಿ ನೋಡುತ್ತದೆ. ಹೀಗಾಗಿ ದಿನವಿಡೀ ಚೆನ್ನಾಗಿ ನಡೆಯುವ ಸೇವೆ ಗುರುತುಗಳು ನವೀಕರಣವಾದ ಗಳಿಗೆಯಲ್ಲೇ ಬೀಳುತ್ತದೆ.

ಪರಿಹಾರ ಮೂರು ಮಟ್ಟದಲ್ಲಿದೆ. ಕ್ಲ್ಯಾಮ್‌ಡಿಯ ಸೆಟ್ಟಿಂಗ್ ಕಡತದಲ್ಲಿ ‘ಕನ್ಕರೆಂಟ್ ಡೇಟಾಬೇಸ್ ರೀಲೋಡ್’ ಎಂಬುದನ್ನು ‘ನೋ’ ಮಾಡಿದರೆ ಇಮ್ಮಡಿಯಾಗುವುದು ತಪ್ಪುತ್ತದೆ. ಅದರ ಬೆಲೆಯೆಂದರೆ ರೀಲೋಡ್ ನಡೆಯುವಷ್ಟು ಹೊತ್ತು ಮೇಲ್‌ಗಳು ಕಾಯುವುದು, ಮತ್ತು ಮೇಲ್ ಸರ್ವರ್‌ಗೆ ಅದು ದೊಡ್ಡ ನಷ್ಟವಲ್ಲ. ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಇಲ್ಲದ ಸರ್ವರ್‌ಗೆ 2 ಜಿಬಿ ಸ್ವಾಪ್ ಸೇರಿಸುವುದು ಎರಡನೆಯದು. ನಿಜವಾದ ಪರಿಹಾರ ಮೆಮೊರಿಯನ್ನು ಹೆಚ್ಚಿಸುವುದೇ. ಕ್ಲ್ಯಾಮ್‌ಎವಿಯ ಕೈಪಿಡಿಯೇ 3 ಜಿಬಿಗಿಂತ ಕಡಿಮೆ ಬೇಡವೆನ್ನುತ್ತದೆ.

ಗುರುತುಗಳ ಕಡತ

ಮೆಮೊರಿ ಸಾಕಷ್ಟಿದ್ದರೆ ಮುಂದಿನ ಅನುಮಾನ ವೈರಸ್ ಗುರುತುಗಳ ಕಡತಗಳ ಮೇಲೆ. ವಾರ್ ಲಿಬ್ ಕ್ಲ್ಯಾಮ್‌ಎವಿ ಫೋಲ್ಡರಿನಲ್ಲಿ ಮೇನ್, ಡೈಲಿ, ಬೈಟ್‌ಕೋಡ್ ಎಂಬ ಮೂರು ಕಡತಗಳಿರಬೇಕು. ಲಿನಕ್ಸ್‌ನ ಬಗೆಗಳಾದ ಡೆಬಿಯನ್ ಮತ್ತು ಉಬುಂಟುಗಳಲ್ಲಿ ಮೇನ್ ಅಥವಾ ಡೈಲಿ ಕಡತ ಇಲ್ಲದಿದ್ದರೆ ಕ್ಲ್ಯಾಮ್‌ಡಿ ಸೇವೆ ಶುರುವಾಗುವುದೇ ಇಲ್ಲ, ಮತ್ತು ಸಿಸ್ಟಮ್‌ಡಿ ಇದನ್ನು ದೋಷವೆಂದು ಕೆಂಪು ಬಣ್ಣದಲ್ಲಿ ತೋರಿಸದೆ, ಆರಂಭದ ಷರತ್ತು ಈಡೇರಲಿಲ್ಲವೆಂದು ಮೆಲ್ಲಗೆ ಹೇಳಿ ಸುಮ್ಮನಾಗುತ್ತದೆ. ಹೊಸದಾಗಿ ಸ್ಥಾಪಿಸಿದ ಸರ್ವರ್‌ಗಳಲ್ಲಿ, ಮೊದಲ ಬಾರಿ ಗುರುತುಗಳು ಇಳಿಯುವ ಮುನ್ನವೇ ಸೇವೆಯನ್ನು ಶುರುಮಾಡಿದಾಗ ಹೀಗಾಗುತ್ತದೆ. ಲಾಗಿನಲ್ಲಿ ‘ಮಾಲ್‌ಫಾರ್ಮ್ಡ್ ಡೇಟಾಬೇಸ್’ ಎಂದಿದ್ದರೆ ಆ ಸಾಲಿನಲ್ಲೇ ಕೆಟ್ಟ ಕಡತದ ಹೆಸರಿರುತ್ತದೆ. ಅದು ಹೊರಗಿನವರು ಒದಗಿಸುವ ಹೆಚ್ಚುವರಿ ಗುರುತುಗಳ ಕಡತವಾಗಿದ್ದರೆ ಅದನ್ನೊಂದನ್ನೇ ಬೇರೆಡೆಗೆ ಸರಿಸಿ ಸೇವೆಯನ್ನು ಶುರುಮಾಡಿ.

ಫ್ರೆಶ್‌ಕ್ಲ್ಯಾಮನ್ನು ಕೈಯಾರೆ ನಡೆಸಿದಾಗ ಲಾಗ್ ಕಡತವನ್ನು ಇನ್ನೊಂದು ಪ್ರಕ್ರಿಯೆ ಬೀಗ ಹಾಕಿಕೊಂಡಿದೆ ಎಂಬ ಸಂದೇಶ ಬಂದರೆ ಗಾಬರಿಯಾಗಬೇಕಿಲ್ಲ. ಹಿನ್ನೆಲೆಯಲ್ಲಿ ಅದೇ ಸೇವೆ ನಡೆಯುತ್ತಿದೆ ಎಂದಷ್ಟೇ ಅದರ ಅರ್ಥ. ಆ ಸೇವೆಯನ್ನು ನಿಲ್ಲಿಸಿ, ಕೈಯಾರೆ ನಡೆಸಿ, ಮತ್ತೆ ಶುರುಮಾಡಿ. ಉತ್ತರದಲ್ಲಿ 429 ಎಂಬ ಸಂಖ್ಯೆ ಬಂದರೆ ನಿಮ್ಮ ವಿಳಾಸದಿಂದ ಮಿತಿಗಿಂತ ಹೆಚ್ಚು ಸಲ ಇಳಿಸಿಕೊಳ್ಳಲಾಗಿದೆ, ಇನ್ನು ಕೆಲವು ಗಂಟೆ ಕಾಯಬೇಕು. ಆಗ ಹಟದಿಂದ ಮತ್ತೆ ಮತ್ತೆ ಪ್ರಯತ್ನಿಸಿ ಪ್ರಯೋಜನವಿಲ್ಲ. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹತ್ತಾರು ಯಂತ್ರಗಳಿರುವ ಕಾಲೇಜು, ಕಚೇರಿಗಳಲ್ಲಿ ಇದು ಸಾಮಾನ್ಯ. ಅಂಥಲ್ಲಿ ಸಿವಿಡಿ‌ಅಪ್‌ಡೇಟ್ ಎಂಬ ಉಪಕರಣದಿಂದ ಒಂದು ಯಂತ್ರಕ್ಕೆ ಮಾತ್ರ ಇಳಿಸಿಕೊಂಡು, ಉಳಿದವು ಅಲ್ಲಿಂದ ಪಡೆಯುವಂತೆ ‘ಪ್ರೈವೇಟ್ ಮಿರರ್’ ಸೆಟ್ಟಿಂಗನ್ನು ಬಳಸಬೇಕು.

403 ಬಂದರೆ ಬಹಳಮಟ್ಟಿಗೆ ನಿಮ್ಮ ಕ್ಲ್ಯಾಮ್‌ಎವಿ ತೀರಾ ಹಳೆಯದಾಗಿದೆ ಎಂದರ್ಥ; ಬೆಂಬಲ ಮುಗಿದ ಆವೃತ್ತಿಗಳಿಗೆ ಗುರುತುಗಳನ್ನು ಕೊಡುವುದು ನಿಲ್ಲುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂಬುದಕ್ಕೆ 2010ರ ಏಪ್ರಿಲ್ 15ರ ಘಟನೆ ಸಾಕ್ಷಿ. ಅಂದು ಕ್ಲ್ಯಾಮ್‌ಎವಿ ತಂಡ, ಮೊದಲೇ ಕೊಟ್ಟಿದ್ದ ಎಚ್ಚರಿಕೆಯಂತೆ, 0.94 ಮತ್ತು ಅದಕ್ಕೂ ಹಳೆಯ ಆವೃತ್ತಿಗಳು ಕೆಲಸ ನಿಲ್ಲಿಸುವಂಥ ಒಂದು ಗುರುತಿನ ಕಡತವನ್ನು ಬಿಡುಗಡೆ ಮಾಡಿತು. ಎಚ್ಚರಿಕೆಯನ್ನು ಓದದವರ ಮೇಲ್ ಸರ್ವರ್‌ಗಳು ಹಲವು ದೇಶಗಳಲ್ಲಿ ನಿಂತವು. ಆ ತಂಡ ಮಾಡಿದ್ದು ಸರಿಯೇ ಎಂಬ ವಾದ ಇಂದಿಗೂ ಇದೆ. ಹಳೆಯ ಗುರುತುಗಳೊಂದಿಗೆ ತಪಾಸಣೆ ನಡೆಯುತ್ತಿದೆ ಎಂಬ ಸುಳ್ಳು ನೆಮ್ಮದಿಗಿಂತ ಕಣ್ಣಿಗೆ ಕಾಣುವಂತೆ ನಿಂತುಹೋಗುವುದು ಒಳ್ಳೆಯದೆಂದು ನಾನು ನಂಬುತ್ತೇನೆ.

ಓದಲು ಅನುಮತಿಯಿಲ್ಲದ ಸ್ಥಿತಿ

ಪಿಂಗ್‌ಗೆ ಉತ್ತರ ಬರುತ್ತಿದೆ, ಗುರುತುಗಳೂ ಹೊಸವು, ಆದರೂ ಅಮಾವಿಸ್ ದೂರುತ್ತಿದೆ ಎಂದಾದರೆ ಎರಡರ ನಡುವಿನ ಸಂಬಂಧವನ್ನು ನೋಡಬೇಕು. ಮೊದಲು ಸಾಕೆಟ್ಟಿನ ದಾರಿ: ಕ್ಲ್ಯಾಮ್‌ಡಿಯ ಕಡತದಲ್ಲಿರುವ ‘ಲೋಕಲ್ ಸಾಕೆಟ್’ ಸಾಲೂ, ಅಮಾವಿಸ್‌ನ ತಪಾಸಕಗಳ ಪಟ್ಟಿಯಲ್ಲಿರುವ ದಾರಿಯೂ ಅಕ್ಷರಶಃ ಒಂದೇ ಇರಬೇಕು. ರೆಡ್ ಹ್ಯಾಟ್ ಕುಟುಂಬದ ವ್ಯವಸ್ಥೆಗಳಲ್ಲಿ ಕ್ಲ್ಯಾಮ್‌ಡಿಯ ಸೇವೆಯ ಹೆಸರೂ ಸಾಕೆಟ್ಟಿನ ಜಾಗವೂ ಡೆಬಿಯನ್‌ಗಿಂತ ಬೇರೆ. ಒಂದರ ಕೈಪಿಡಿಯನ್ನು ಓದಿ ಇನ್ನೊಂದರಲ್ಲಿ ಸೆಟ್ಟಿಂಗ್ ಮಾಡಿದವರು ಇಲ್ಲಿ ಎಡವುತ್ತಾರೆ.

ದಾರಿ ಸರಿಯಿದ್ದು ‘ಪರ್ಮಿಷನ್ ಡಿನೈಡ್’ ಅಥವಾ ‘ಆಕ್ಸೆಸ್ ಡಿನೈಡ್’ ಎಂದು ಬರುತ್ತಿದ್ದರೆ, ಅಮಾವಿಸ್ ತನ್ನ ಫೋಲ್ಡರಿನಲ್ಲಿಟ್ಟ ಕಡತವನ್ನು ಕ್ಲ್ಯಾಮ್‌ಡಿ ಓದಲಾಗುತ್ತಿಲ್ಲ. ಕ್ಲ್ಯಾಮ್‌ಎವಿ ಬಳಕೆದಾರನನ್ನು ಅಮಾವಿಸ್ ಗುಂಪಿಗೆ ಸೇರಿಸಿ, ನಂತರ ಕ್ಲ್ಯಾಮ್‌ಡಿಯನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರುಮಾಡಿ. ಗುಂಪಿನ ಸದಸ್ಯತ್ವ ಆರಂಭದಲ್ಲಷ್ಟೇ ಓದಲ್ಪಡುವುದರಿಂದ ಬರಿಯ ರೀಲೋಡ್ ಸಾಲದು. ಅಷ್ಟಾದರೂ ತೊಂದರೆ ಉಳಿದರೆ ಉಬುಂಟುವಿನಲ್ಲಿ ಆಪ್‌ಆರ್ಮರ್ ಎಂಬ ಭದ್ರತಾ ಕಾವಲು ತಡೆಯುತ್ತಿದೆಯೇ ಎಂದು ಕರ್ನಲ್ ಲಾಗಿನಲ್ಲಿ ನೋಡಿ. ರೆಡ್ ಹ್ಯಾಟ್ ಕುಟುಂಬದಲ್ಲಿ ಅಂಥದೇ ಕಾವಲಾದ ಎಸ್‌ಇಲಿನಕ್ಸ್‌ನ ‘ಆಂಟಿವೈರಸ್ ಕ್ಯಾನ್ ಸ್ಕ್ಯಾನ್ ಸಿಸ್ಟಮ್’ ಎಂಬ ಸ್ವಿಚ್ಚನ್ನು ಸೆಟ್‌ಎಸ್‌ಇಬೂಲ್ ಆಜ್ಞೆಯಿಂದ ಶಾಶ್ವತವಾಗಿ ಹಾಕಿ. ಎಸ್‌ಇಲಿನಕ್ಸನ್ನೇ ಆರಿಸಿಬಿಡುವ ಸಲಹೆ ಎಲ್ಲೆಡೆ ಸಿಗುತ್ತದೆ, ಆದರೆ ಹೊರಜಗತ್ತಿನ ಅಪರಿಚಿತ ಕಡತಗಳನ್ನು ಬಿಚ್ಚುವುದೇ ಕೆಲಸವಾಗಿರುವ ಯಂತ್ರದಲ್ಲಿ ಆ ಕಾವಲನ್ನು ತೆಗೆಯುವುದು ತಪ್ಪು.

ಡಿಸ್ಕ್ ತುಂಬಿದ್ದರೂ ಇದೇ ಬಗೆಯ ದೋಷಗಳು ಬರುತ್ತವೆ. ಡಿಎಫ್ ಆಜ್ಞೆಯನ್ನು ಹೈಫನ್ ಎಚ್ ಮತ್ತು ಹೈಫನ್ ಐ ಎರಡರೊಂದಿಗೂ ನಡೆಸಿ. ಜಾಗವಿದ್ದೂ ಐನೋಡ್‌ಗಳು, ಅಂದರೆ ಪ್ರತಿ ಕಡತಕ್ಕೂ ಬೇಕಾಗುವ ದಾಖಲೆಗಳು, ಮುಗಿದಿರಬಹುದು.

ಸದ್ದಿಲ್ಲದೆ ನಿಂತ ತಪಾಸಣೆ

ಕ್ಯೂ ಖಾಲಿಯಿದ್ದು, ಯಾವ ದೂರೂ ಇಲ್ಲದೆ ತಪಾಸಣೆ ನಿಂತಿರುವ ಸ್ಥಿತಿ ಇದು. ಡೆಬಿಯನ್ನಿನ ಅಮಾವಿಸ್ ಸೆಟ್ಟಿಂಗ್ ಫೋಲ್ಡರಿನಲ್ಲಿ 15ನೇ ಸಂಖ್ಯೆಯಿಂದ ಶುರುವಾಗುವ ಕಂಟೆಂಟ್ ಫಿಲ್ಟರ್ ಮೋಡ್ ಎಂಬ ಕಡತವಿದೆ. ಅದರಲ್ಲಿ ವೈರಸ್ ತಪಾಸಣೆಯ ಬಗೆಗಿನ ಸಾಲುಗಳ ಮುಂದೆ ಹ್ಯಾಶ್ ಚಿಹ್ನೆಯಿದ್ದರೆ ತಪಾಸಣೆ ಇಲ್ಲ. ಹ್ಯಾಶ್ ತೆಗೆದರೆ ಮಾತ್ರ ಇದೆ. ಪ್ಯಾಕೇಜ್ ಅಪ್‌ಗ್ರೇಡ್ ಮಾಡುವಾಗ ಹಳೆಯ ಕಡತವನ್ನು ಉಳಿಸಬೇಕೇ, ಹೊಸದನ್ನು ಹಾಕಬೇಕೇ ಎಂಬ ಪ್ರಶ್ನೆಗೆ ಯಾರಾದರೂ ‘ಹೊಸದು’ ಎಂದು ಒತ್ತಿದರೆ ಹ್ಯಾಶ್‌ಗಳು ಮರಳಿ ಬರುತ್ತವೆ. ಹೀಗೆ ವಾರಗಟ್ಟಲೆ ತಪಾಸಣೆಯಿಲ್ಲದೆ ನಡೆದ ಒಂದು ಸಂಸ್ಥೆಯ ಸರ್ವರನ್ನು ನಾನು ಸರಿಪಡಿಸಿದ್ದೇನೆ. ಅಲ್ಲಿ ಕ್ಲ್ಯಾಮ್‌ಡಿ ನಡೆಯುತ್ತಿತ್ತು, ಗುರುತುಗಳು ದಿನವೂ ನವೀಕರಣವಾಗುತ್ತಿದ್ದವು, ನಿಗಾ ವ್ಯವಸ್ಥೆಯಲ್ಲಿ ಎಲ್ಲವೂ ಹಸಿರಾಗಿತ್ತು. ಕ್ಲ್ಯಾಮ್‌ಡಿಯನ್ನು ತಪಾಸಣೆಗೆ ಕೇಳುವವರು ಮಾತ್ರ ಯಾರೂ ಇರಲಿಲ್ಲ. ಲಾಗ್ ಮಟ್ಟವನ್ನು ಏರಿಸಿ ಅಮಾವಿಸ್ಸನ್ನು ಮರುಪ್ರಾರಂಭಿಸಿದಾಗ ಆರಂಭದ ಸಾಲುಗಳಲ್ಲಿ ‘ಆಂಟಿವೈರಸ್ ಕೋಡ್ ಲೋಡೆಡ್’ ಎಂದಿದೆಯೇ, ‘ನಾಟ್ ಲೋಡೆಡ್’ ಎಂದಿದೆಯೇ ಎಂಬುದು ಈ ಪ್ರಶ್ನೆಯನ್ನು ಒಂದೇ ನೋಟಕ್ಕೆ ಬಗೆಹರಿಸುತ್ತದೆ. ಮೇಲಿನ ತಲೆಬರಹದಲ್ಲಿ ‘ಎಕ್ಸ್ ವೈರಸ್ ಸ್ಕ್ಯಾನ್ಡ್’ ಸಾಲು ಇದೆಯೆಂಬುದನ್ನು ಪುರಾವೆಯೆಂದು ಪರಿಗಣಿಸಬೇಡಿ. ಅದನ್ನು ಕಳುಹಿಸಿದವರ ಸರ್ವರ್ ಹಾಕಿರಬಹುದು.

ಗಾತ್ರದ ಮಿತಿಯೂ ಇಂಥದೇ ಒಂದು ಸದ್ದಿಲ್ಲದ ಬಾಗಿಲು. ‘ಮ್ಯಾಕ್ಸ್ ಫೈಲ್ ಸೈಜ್’ ಮೀರಿದ ಕಡತವನ್ನು ಕ್ಲ್ಯಾಮ್‌ಡಿ ಓದದೆ ಸ್ವಚ್ಛವೆಂದೇ ಹೇಳುತ್ತದೆ. ಪೋಸ್ಟ್‌ಫಿಕ್ಸ್ ಒಪ್ಪುವ ಮೇಲಿನ ಗಾತ್ರಕ್ಕಿಂತ ಈ ಮಿತಿ ಹೆಚ್ಚಿರಲಿ, ಅಥವಾ ‘ಅಲರ್ಟ್ ಎಕ್ಸೀಡ್ಸ್ ಮ್ಯಾಕ್ಸ್’ ಸೆಟ್ಟಿಂಗನ್ನು ‘ಯೆಸ್’ ಮಾಡಿ.

ಪರೀಕ್ಷೆ, ಆಮೇಲೆ ಕ್ಯೂ

ಸರಿಯಾಯಿತು ಎನಿಸಿದಾಗ ಐಕಾರ್ ಪರೀಕ್ಷಾ ಕಡತವನ್ನು ಕಳುಹಿಸಿ ನೋಡಬೇಕು. ಇದು 68 ಅಕ್ಷರಗಳ ನಿರಪಾಯಕಾರಿ ಪಠ್ಯ. ವೈರಸ್ ತಪಾಸಕಗಳು ಇದನ್ನು ವೈರಸ್ ಎಂದೇ ಗುರುತಿಸಬೇಕೆಂಬ ಒಪ್ಪಂದವಿದೆ. ಜಿಮೇಲ್‌ನಿಂದ ಕಳುಹಿಸಲು ಹೋದರೆ ಅಲ್ಲೇ ತಡೆಯಲ್ಪಡುವುದರಿಂದ, ಬೇರೆ ಯಂತ್ರದಲ್ಲಿ ಸ್ವ್ಯಾಕ್ಸ್ ಎಂಬ ಉಪಕರಣದ ಮೂಲಕ ನಿಮ್ಮ ಸರ್ವರಿನ 25ನೇ ಪೋರ್ಟಿಗೆ ನೇರವಾಗಿ, ಅಡಕವಾಗಿ ಕಳುಹಿಸಿ. ಒಮ್ಮೆ ಹಾಗೆಯೇ, ಇನ್ನೊಮ್ಮೆ ಜಿಪ್ ಮಾಡಿ ಕಳುಹಿಸುವುದು ಅಗತ್ಯ, ಏಕೆಂದರೆ ಕೆಲವೊಮ್ಮೆ ತಪಾಸಕ ಸರಿಯಿದ್ದು ಜಿಪ್ ಬಿಚ್ಚುವ ಭಾಗ ಕೆಟ್ಟಿರುತ್ತದೆ. ಮೇಲ್ ಲಾಗಿನಲ್ಲಿ ‘ಬ್ಲಾಕ್ಡ್ ಇನ್‌ಫೆಕ್ಟೆಡ್’ ಎಂಬುದರ ಜೊತೆಗೆ ಐಕಾರ್ ಹೆಸರು ಎರಡು ಸಲವೂ ಕಾಣಿಸಬೇಕು.

ಈಗ ಕ್ಯೂವನ್ನು ಬಿಡುವ ಸಮಯ. ಪೋಸ್ಟ್‌ಕ್ಯೂ ಆಜ್ಞೆಗೆ ಹೈಫನ್ ಎಫ್ ಸೇರಿಸಿದರೆ ಕಾದಿರುವ ಮೇಲ್‌ಗಳೆಲ್ಲ ಒಮ್ಮೆಗೇ ಹೊರಡಲು ಪ್ರಯತ್ನಿಸುತ್ತವೆ. ಬೇಗ ಮುಗಿಸಬೇಕೆಂದು ಅಮಾವಿಸ್‌ನ ‘ಮ್ಯಾಕ್ಸ್ ಸರ್ವರ್ಸ್’ ಸಂಖ್ಯೆಯನ್ನು ಏರಿಸಬೇಡಿ. ಆ ಸಂಖ್ಯೆಯೂ ಪೋಸ್ಟ್‌ಫಿಕ್ಸ್‌ನ ಮಾಸ್ಟರ್ ಕಡತದಲ್ಲಿ ಅಮಾವಿಸ್ ಸಾಲಿಗೆ ಕೊಟ್ಟ ಮಿತಿಯೂ ಸಮವಾಗಿರಲಿ, ಕ್ಯೂ ತನ್ನ ವೇಗದಲ್ಲಿ ಕರಗಲಿ. ಮೊದಲೇ ಯಾರಾದರೂ ಕಂಟೆಂಟ್ ಫಿಲ್ಟರ್ ಸಾಲನ್ನು ತೆಗೆದು ಮತ್ತೆ ಹಾಕಿದ್ದರೆ ಇನ್ನೊಂದು ವಿಷಯವನ್ನು ಗಮನಿಸಿ: ಮೇಲ್ ಯಾವ ಫಿಲ್ಟರಿಗೆ ಹೋಗಬೇಕೆಂಬುದು ಅದು ಒಳಬಂದ ಗಳಿಗೆಯಲ್ಲೇ ಅದರ ಕ್ಯೂ ಕಡತದಲ್ಲಿ ದಾಖಲಾಗುತ್ತದೆ. ಸಾಲು ಇಲ್ಲದಿದ್ದಾಗ ಬಂದು ಇನ್ನೂ ಕ್ಯೂನಲ್ಲಿರುವ ಮೇಲ್‌ಗಳು ಈಗಲೂ ತಪಾಸಣೆಯನ್ನು ತಪ್ಪಿಸಿಕೊಂಡೇ ಹೋಗುತ್ತವೆ. ಪೋಸ್ಟ್‌ಸೂಪರ್ ಆಜ್ಞೆಗೆ ಹೈಫನ್ ಆರ್ ಮತ್ತು ‘ಆಲ್’ ಸೇರಿಸಿ ಅವುಗಳನ್ನು ಮರಳಿ ಕ್ಯೂಗೆ ಹಾಕಿದರೆ ಹೊಸ ಸೆಟ್ಟಿಂಗ್ ಅನ್ವಯವಾಗುತ್ತದೆ.

ತಪಾಸಣೆಯಿಲ್ಲದ ಅವಧಿಯಲ್ಲಿ ಈಗಾಗಲೇ ಪೆಟ್ಟಿಗೆ ಸೇರಿದ ಮೇಲ್‌ಗಳನ್ನೂ ಬಿಡಬಾರದು. ಮೊದಲು ಗುರುತಿಸಿಕೊಂಡ ಸಮಯದಿಂದ ಈಚೆಗೆ ಬಂದ ಕಡತಗಳನ್ನು, ಬಳಕೆದಾರರ ಮೇಲ್‌ಗಳಿರುವ ಮೇಲ್‌ಡಿರ್ ಫೋಲ್ಡರುಗಳಿಂದ ಫೈಂಡ್ ಆಜ್ಞೆಯಿಂದ ಪಟ್ಟಿಮಾಡಿ, ಆ ಪಟ್ಟಿಯನ್ನು ಎಫ್‌ಡಿಪಾಸ್ ಆಯ್ಕೆಯೊಂದಿಗೆ ಕ್ಲ್ಯಾಮ್‌ಡಿಸ್ಕ್ಯಾನ್‌ಗೆ ಕೊಡಿ. ಆ ಆಯ್ಕೆಯಿದ್ದರೆ ಕ್ಲ್ಯಾಮ್‌ಡಿಗೆ ಆ ಫೋಲ್ಡರುಗಳ ಅನುಮತಿ ಬೇರೆ ಬೇಕಾಗುವುದಿಲ್ಲ. ತಾನಾಗಿ ಅಳಿಸುವ ಆಯ್ಕೆಯನ್ನು ಬಳಸದೆ, ಸಿಕ್ಕಿದ್ದನ್ನು ಪಟ್ಟಿಮಾಡಿ, ಆಯಾ ಬಳಕೆದಾರರಿಗೆ ಫೋನ್ ಮಾಡಿ ಆ ಅಡಕವನ್ನು ತೆರೆದಿದ್ದಾರೆಯೇ ಎಂದು ಕೇಳಿ. ತೆರೆದಿದ್ದಾರೆಂದರೆ ಅವರ ಕಂಪ್ಯೂಟರನ್ನು ಅಂದೇ ನೆಟ್‌ವರ್ಕ್‌ನಿಂದ ಬಿಡಿಸಬೇಕು. ಕೊನೆಗೆ ಚೀಟಿಯಲ್ಲಿ ಬರೆದಿಟ್ಟ ಸಾಫ್ಟ್ ಬೌನ್ಸ್ ಸೆಟ್ಟಿಂಗನ್ನು ತೆಗೆದು ಪೋಸ್ಟ್‌ಫಿಕ್ಸನ್ನು ರೀಲೋಡ್ ಮಾಡಿ, ಮತ್ತು ದಿನಕ್ಕೊಮ್ಮೆ ಬೇರೆ ಯಂತ್ರದಿಂದ ಐಕಾರ್ ಕಡತವನ್ನು ಕಳುಹಿಸಿ, ಅದು ತಡೆಯಲ್ಪಡದಿದ್ದರೆ ನಿಮ್ಮ ಫೋನಿಗೆ ಸಂದೇಶ ಬರುವಂತೆ ಒಂದು ಕ್ರಾನ್ ಕೆಲಸವನ್ನು (ನಿಗದಿತ ಸಮಯಕ್ಕೆ ತಾನಾಗಿ ನಡೆಯುವ ಕೆಲಸವನ್ನು) ಹಾಕಿಡಿ.